ಸೀತುವನ್ನು ಕಳಿಸಿಕೊಟ್ಟದ್ದು

ಸಿದ್ಧಕಟ್ಟೆಯ ಸಂಕಪ್ಪ ಶೆಟ್ಟರ ತಂಗಿ ಅಮ್ಮಣ್ಣಿಗೆ ಸೊಂಟನೋವಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿತ್ತು ಎಂದರೆ ಅದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ ಎಂದು ಅರ್ಥ. ನಿನ್ನೆ ಬಂದ ಜ್ವರಕ್ಕೆ ಕಷಾಯ ಕಾಯಿಸಿ ಕೊಡುವವರಿದ್ದಾರೆ, ಕಾಲು ಮುರಿದವನನ್ನು ನೋಡಲು ಬಾಳೆಹಣ್ಣು ಹಿಡಿದುಕೊಂಡು ಬರುವವರಿದ್ದಾರೆ. ಮೂವತ್ತೆರಡು ವರ್ಷ ಹಳೆಯ ನೋವನ್ನು ನೋಡಲು ಯಾರು ಬರುತ್ತಾರೆ? ಅದು ಚಾವಡಿಯ ಕಂಬದ ಹಾಗೆ. ಇದೆ ಎಂದು ಎಲ್ಲರಿಗೂ ಗೊತ್ತು, ಸುತ್ತಿಕೊಂಡು ಹೋಗುತ್ತಾರೆ.

ನೋವು ಶುರುವಾದದ್ದು ಸಾವಿರದ ಒಂಬೈನೂರ ಮೂವತ್ತರಲ್ಲಿ. ಅಮ್ಮಣ್ಣಿಗೆ ಆಗ ಇಪ್ಪತ್ತೆಂಟು. ಎರಡು ದಿನ ಒದ್ದಾಡಿ ಹೆಣ್ಣೊಂದನ್ನು ಹೆತ್ತಳು. ಮಗು ಹತ್ತೊಂಬತ್ತು ದಿನ ಬದುಕಿತು. ಹೆಸರಿಟ್ಟಿರಲಿಲ್ಲ. "ಹೆಸರಿಡದ ಮಗುವಿಗೆ ಅಳಬಾರದು. ಅತ್ತರೆ ಅದು ಕುಲೆಯಾಗಿ ಇಲ್ಲೇ ಉಳೀತದೆ" ಎಂದು ಅಜ್ಜಿ ಗದರಿಸಿದಳು. ಕುಲೆ ಎಂದರೆ ಸತ್ತವರ ಜೀವ. ಆಚೆಗೆ ಹೋಗದೆ, ಈಚೆಗೆ ಸಲ್ಲದೆ ಮನೆಯ ಮೂಲೆಯಲ್ಲಿ ನಿಂತಿರುವಂಥದ್ದು. ಅಮ್ಮಣ್ಣಿ ಸೆರಗನ್ನು ಬಾಯಿಗೆ ತುರುಕಿಕೊಂಡು ಸುಮ್ಮನಾದಳು. ಮೂರನೆಯ ದಿನ ಮನೆಯಲ್ಲಿ ಭತ್ತ ಬೇಯಿಸಿದ್ದರು, ಕೈ ಕಡಿಮೆಯಿತ್ತು. ಹಬೆಯಾಡುವ ಭತ್ತದ ಬುಟ್ಟಿಯನ್ನು ಎತ್ತಿ ಅಂಗಳಕ್ಕೆ ಹೊರುವಾಗ ಆ ಹಸಿ ಬಾಣಂತಿಯ ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಅಂಗಳದ ನಡುವೆ ಕುಸಿದು ಕುಳಿತು ಗೋಳೋ ಎಂದು ಅತ್ತಳು. ಸೊಂಟಕ್ಕೆ ಅಳಬಹುದಿತ್ತು. ಅದಕ್ಕೆ ಅಜ್ಜಿಯ ಅಡ್ಡಿಯಿರಲಿಲ್ಲ.

ಇನ್ನೊಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಮಗುವನ್ನು ಹೊರಗೆ ಒಯ್ಯುವ ಮೊದಲು ಅಮ್ಮಣ್ಣಿ ಅದರ ಕಿವಿಗೆ ಬಾಯಿಟ್ಟು ಒಂದು ಹೆಸರು ಹೇಳಿದ್ದಳು: ಸೀತು. ಮಾಡಬಾರದ ಕೆಲಸ. ಹೆಸರಿಟ್ಟರೆ ಕರೆದ ಹಾಗೆ, ಕರೆದರೆ ನಿಲ್ಲುತ್ತದೆ. ನಿಂತರೆ ನಿಲ್ಲಲಿ ಎಂದೇ ಅವಳು ಹೇಳಿದ್ದು.

ಸೀತು ನಿಂತಳು. ಬೆಂದ ಭತ್ತವನ್ನು ಅಂಗಳದ ಚಾಪೆಗಳ ಮೇಲೆ ಹರವಿ, ಕೋಳಿ ಬಾರದ ಹಾಗೆ ಕೋಲು ಹಿಡಿದು ಕಾಯುತ್ತ ಜಗಲಿಯ ತುದಿಯಲ್ಲಿ ಕುಳಿತಾಗ ಅಮ್ಮಣ್ಣಿ ಅವಳೊಡನೆ ಮಾತಾಡುತ್ತಿದ್ದಳು. "ಮಗಾ, ಇವತ್ತು ನೋವು ಬಲಗಾಲಿಗೂ ಇಳಿದಿದೆ ನೋಡು." "ಮಗಾ, ನಿನ್ನ ಮಾವ ಬೆಳಿಗ್ಗೆಯೇ ಬೈದ." ಸೀತು ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಬದುಕಿದ್ದವರು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಆ ಕೆಲಸಕ್ಕೆ ಸತ್ತವಳೇ ಬೇಕಾಯಿತು. ನೋವು ಎಲ್ಲಿ ಹಿಡಿಯುತ್ತಿತ್ತೋ ಅಲ್ಲೇ ಹುಡುಗಿಯೂ ಕೈಯಿಟ್ಟುಕೊಂಡು ಕುಳಿತಿದ್ದಾಳೆ ಎಂದು ಅಮ್ಮಣ್ಣಿಗೆ ಅನಿಸುತ್ತಿತ್ತು. ಹಾಗೆ ಅನಿಸಿದ ದಿನ ನೋವಿನೊಡನೆ ಹೇಗೋ ಏಗಬಹುದಿತ್ತು.

ಎಂಟು ವರ್ಷ ಕಳೆದು ಇನ್ನೊಂದು ಹೆಣ್ಣು ಹುಟ್ಟಿತು, ಸರಸ. ಆಮೇಲೆ ಗಂಡ ತೀರಿಕೊಂಡ. ಅವರ ಕಟ್ಟಳೆಯಲ್ಲಿ ಮನೆ ಸೋದರಿಯದು, ಯಜಮಾನಿಕೆ ಸೋದರನದು. ಮನೆ ಅಮ್ಮಣ್ಣಿಯದು ಎಂದು ಹೇಳುವುದಕ್ಕೆ ಚಂದ. ಆ ಮನೆಯಲ್ಲಿ ಒಂದು ಎಣ್ಣೆ ಕುಪ್ಪಿ ತರಿಸಬೇಕಾದರೂ ಅವಳು ಅಣ್ಣನ ಮುಖ ನೋಡಬೇಕಿತ್ತು.

ಅರವತ್ತು ತುಂಬುವ ಹೊತ್ತಿಗೆ, ಅರವತ್ತೆರಡನೆಯ ಇಸವಿಯಲ್ಲಿ, ನೋವು ಬೇರೆಯೇ ದಾರಿ ಹಿಡಿಯಿತು. ಮೊದಲೆಲ್ಲ ಅದು ಮೈಯಲ್ಲಿ ಇರುತ್ತಿತ್ತು, ಈಗ ತಲೆಗೆ ಹತ್ತಿತು. ಬೆಳಿಗ್ಗೆ ಕಣ್ಣು ಬಿಟ್ಟರೆ, ಇನ್ನೊಂದು ದಿನ ಬಂತಲ್ಲ ಎಂದು ಎದೆ ಭಾರವಾಗುತ್ತಿತ್ತು. ಅನ್ನ ಗಂಟಲಲ್ಲಿ ಇಳಿಯದು. ತಲೆ ಬಾಚಿಕೊಳ್ಳಲು ಬಾಚಣಿಗೆ ತೆಗೆದುಕೊಂಡವಳು ಅದನ್ನು ಕೈಯಲ್ಲಿ ಹಿಡಿದು ಮಧ್ಯಾಹ್ನದವರೆಗೂ ಕೂತಿರುತ್ತಿದ್ದಳು. ಚಾಪೆಯ ಭತ್ತಕ್ಕೆ ಕೋಳಿಗಳು ನುಗ್ಗಿದರೂ ಕೋಲು ಏಳುತ್ತಿರಲಿಲ್ಲ.

"ಸೊಂಟ ಅಂತ ಒಂದು ಸಿಕ್ಕಿತು ಇವಳಿಗೆ, ಕೂತು ಉಣ್ಣಲಿಕ್ಕೆ" ಎಂದರು ಸಂಕಪ್ಪ ಶೆಟ್ಟರು.

ಸರಸ ಇನ್ನೂ ಚೊಕ್ಕವಾಗಿ ಹೇಳಿದಳು. ಇಪ್ಪತ್ತನಾಲ್ಕಾಗಿತ್ತು ಅವಳಿಗೆ. ಆರು ವರ್ಷದಿಂದ ಗಂಡಿನ ಕಡೆಯವರು ಬರುತ್ತಿದ್ದರು, ಹೋಗುತ್ತಿದ್ದರು. "ಅಮ್ಮ, ನಾಳೆ ಅವರು ಬರುವಾಗ ನೀವು ಒಳಗೇ ಇರಿ. ನಿಮ್ಮ ಮುಖ ನೋಡಿದರೆ ಸಾವಿನ ಮನೆಗೆ ಬಂದ ಹಾಗೆ ಆಗ್ತದೆ ಅವರಿಗೆ."

ಅಮ್ಮಣ್ಣಿ ಒಳಗೇ ಇದ್ದಳು. ಆ ಗಂಡೂ ಒಪ್ಪಲಿಲ್ಲ.

ಕೊನೆಗೆ ಸಂಕಪ್ಪ ಶೆಟ್ಟರು ತಂಗಿಯನ್ನು ಬಸ್ಸು ಹತ್ತಿಸಿ ಮೂಡುಬಿದಿರೆಗೆ, ರಮಾನಾಥ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಪ್ರೀತಿಯಿಂದಲ್ಲ. ಮನೆಯಲ್ಲಿ ಭತ್ತ ನೋಡುವ ಜನ ಬೇಕಿತ್ತು. ಡಾಕ್ಟರು ಸೊಂಟ ಒತ್ತಿ, ಕಾಲು ಎತ್ತಿಸಿ ನೋಡಿದರು. ಆಮೇಲೆ ಯಾರೂ ಯಾವತ್ತೂ ಕೇಳದ್ದನ್ನು ಕೇಳಿದರು.

"ನಿದ್ರೆ ಬರ್ತದಾ ಅಮ್ಮ?"

"ಬರ್ತದೆ, ಬರ್ತದೆ" ಎಂದರು ಸಂಕಪ್ಪ ಶೆಟ್ಟರು.

"ಶೆಟ್ರೇ, ನಾನು ಅವರಲ್ಲಿ ಕೇಳಿದ್ದು. ಅಮ್ಮ, ಸುಮ್ಮನೆ ಅಳು ಬರ್ತದಾ? ಬದುಕುವುದು ಬೇಡ ಅಂತ ಕಾಣ್ತದಾ?"

ಅಮ್ಮಣ್ಣಿಯ ತುಟಿ ನಡುಗಿತು. ಮೂವತ್ತೆರಡು ವರ್ಷದಲ್ಲಿ ಸೀತುವನ್ನು ಬಿಟ್ಟು ಇನ್ನೊಬ್ಬರಿಗೆ ಹೇಳುವ ಮಾತು ಬಾಯಿಗೆ ಬಂದದ್ದು ಅದೇ ಮೊದಲು. "ಕಾಣ್ತದೆ" ಎಂದಳು.

ಡಾಕ್ಟರು ತಲೆಯಾಡಿಸಿದರು. "ಇದು ನಾಟಕ ಅಲ್ಲ ಶೆಟ್ರೇ. ನೋವು ಇಷ್ಟು ವರ್ಷ ಕೂತರೆ ಮನಸ್ಸಿಗೂ ಕಾಯಿಲೆ ಹಿಡೀತದೆ. ಮನಸ್ಸು ಕುಸಿದರೆ ನೋವು ಇಮ್ಮಡಿ ಆಗ್ತದೆ. ಒಂದನ್ನೇ ನೋಡಿದರೆ ಸಾಲದು, ಎರಡಕ್ಕೂ ಮದ್ದು ಬೇಕು. ಈಗ ಹೊಸ ಮಾತ್ರೆ ಬಂದಿದೆ, ನಾನು ತರಿಸ್ತೇನೆ. ವಾರಕ್ಕೊಮ್ಮೆ ಕರ್ಕೊಂಡು ಬನ್ನಿ. ಇವರಲ್ಲಿ ಸ್ವಲ್ಪ ಮಾತಾಡ್ಬೇಕು ನನಗೆ."

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಅಮ್ಮಣ್ಣಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ಇನ್ನೊಂದು ವಾರಕ್ಕೆ ಏನೇನು ಹೇಳಬೇಕು ಎಂದು ಯೋಚಿಸುತ್ತಿದ್ದಳು. ಸಂಕಪ್ಪ ಶೆಟ್ಟರು ಯೋಚಿಸುತ್ತಿದ್ದದ್ದೇ ಬೇರೆ. ಮನಸ್ಸಿನ ಕಾಯಿಲೆ ಎಂದರೆ ಹುಚ್ಚು. ತಾಯಿಗೆ ಹುಚ್ಚು ಎಂದು ಗೊತ್ತಾದರೆ ಮಗಳನ್ನು ಯಾವ ಮನೆಯವರು ತೆಗೆದುಕೊಳ್ಳುತ್ತಾರೆ? ವಾರಕ್ಕೊಮ್ಮೆ ಬಸ್ಸು ಹತ್ತಿಸಿದರೆ ಸಿದ್ಧಕಟ್ಟೆಯಿಂದ ಮೂಡುಬಿದಿರೆಯವರೆಗೆ ಬಸ್ಸಿನಲ್ಲಿ ಇದ್ದವರೆಲ್ಲ ಕೇಳುತ್ತಾರೆ. ಇಳಿಯುವಾಗ ಅವರು ತಂಗಿಗೆ ಹೇಳಿದ್ದು ಇಷ್ಟೇ: "ಆ ಡಾಕ್ಟ್ರಿಗೆ ತಲೆ ಸರಿ ಇಲ್ಲ."

ಮುಂದಿನ ವಾರ ಬಂತು. ಅಮ್ಮಣ್ಣಿ ಮಿಂದು, ಒಳ್ಳೆಯ ಸೀರೆ ಉಟ್ಟು, ಕುರ್ಚಿಯ ಬೆನ್ನು ಹಿಡಿದು ನಿಂತಳು. ಯಾರೂ ಕರೆಯಲಿಲ್ಲ. ಮಧ್ಯಾಹ್ನ ಸೀರೆ ಬಿಚ್ಚಿ ಮಡಚಿಟ್ಟಳು.

ಆ ದಿನ ಜಗಲಿಯಲ್ಲಿ ಅವಳು ಸೀತುವಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಂಡಿರಬೇಕು. ಸರಸ ಬಾಗಿಲ ಹಿಂದೆ ನಿಂತು ಕೇಳಿದಳು. "ಮಗಾ, ನೀನು ಇಲ್ಲದಿದ್ದರೆ ನಾನು ಎಂದೋ ಬಾವಿ ನೋಡ್ತಿದ್ದೆ." ಸರಸಳಿಗೆ ಮೊದಲು ತನ್ನ ಬಗ್ಗೆಯೇ ಎಂದು ಅನಿಸಿ ಕಣ್ಣು ತುಂಬಿತಂತೆ. ಮರುಕ್ಷಣ, "ನೀನು ಸಣ್ಣದಿರುವಾಗ ಹತ್ತೊಂಬತ್ತು ದಿನ ಮಾತ್ರ ಹಾಲು ಕುಡಿದದ್ದಲ್ವ" ಎಂಬ ಮಾತು ಕಿವಿಗೆ ಬಿತ್ತು. ಕಣ್ಣೀರು ಅಲ್ಲೇ ಇಂಗಿತು. ಸೀದಾ ಮಾವನ ಹತ್ತಿರ ಹೋದಳು.

ಸಂಕಪ್ಪ ಶೆಟ್ಟರಿಗೆ ತಲೆಯ ಮೇಲಿನ ಭಾರ ಇಳಿದಂತಾಯಿತು. ಹುಚ್ಚಲ್ಲ, ಕುಲೆ! ಹುಚ್ಚು ಮಾನ ಕಳೆಯುತ್ತದೆ. ಕುಲೆಯ ಉಪದ್ರ ಯಾವ ದೊಡ್ಡ ಮನೆಯಲ್ಲಿಲ್ಲ? ಜೋಯಿಸರಲ್ಲಿಗೆ ಹೋದರು. ಜೋಯಿಸರು ಕವಡೆ ಹಾಕಿ, ಕೇಳಬೇಕಾದದ್ದನ್ನೆಲ್ಲ ಶೆಟ್ಟರ ಬಾಯಿಂದಲೇ ಕೇಳಿಕೊಂಡು, ಅದನ್ನೇ ಶೆಟ್ಟರಿಗೆ ತಿರುಗಿ ಹೇಳಿದರು. ಸತ್ತ ಹೆಣ್ಣಿಗೆ ಪ್ರಾಯ ಬಂದಿದೆ. ತಾಯಿಯ ಸೊಂಟ ಹಿಡಿದು ನಿಂತಿದೆ. ಅಕ್ಕನಿಗೆ ಆಗದೆ ತಂಗಿಗೆ ಆಗುವುದಿಲ್ಲ. ಕುಲೆ ಮದುವೆ ಆಗಬೇಕು. ಮದುವೆಯಾಗಿ ಗಂಡನ ಮನೆಗೆ ಹೋದರೆ ಎಲ್ಲ ಸರಿಹೋಗುತ್ತದೆ. ಆದರೆ ಹುಡುಗಿಗೆ ಯಾರೋ ಹೆಸರಿಟ್ಟಿದ್ದಾರೆ, ಇಲ್ಲದಿದ್ದರೆ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ. ಆ ಹೆಸರಿನಲ್ಲೇ ಧಾರೆ ಎರೆಯಬೇಕು.

ಸತ್ತವರಿಗೆ ಮದುವೆ ಮಾಡುವುದು ಆ ಸೀಮೆಗೆ ಹೊಸದಲ್ಲ. ಎಳೆಯ ಪ್ರಾಯದಲ್ಲಿ ತೀರಿಕೊಂಡವರಿಗೆ, ಬದುಕಿದ್ದರೆ ಮದುವೆಯ ವಯಸ್ಸು ಆಗುವ ಹೊತ್ತಿಗೆ, ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯ ಮಗುವನ್ನು ಹುಡುಕಿ ಜೊತೆ ಮಾಡುತ್ತಾರೆ. ಅಮ್ಮಣ್ಣಿಯೂ ಅಂಥ ಮದುವೆಗಳಲ್ಲಿ ಉಂಡು ಬಂದವಳೇ. ಮದುವೆಯಾದ ಮೇಲೆ ಹೆಣ್ಣು ಹೆತ್ತವರ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಹೆಸರು ಎಂತ?" ಎಂದು ಕೇಳಿದರು ಸಂಕಪ್ಪ ಶೆಟ್ಟರು.

"ಹೆಸರಿಟ್ಟಿರಲಿಲ್ಲ ಅಣ್ಣ. ಅಜ್ಜಿ ಬಿಡಲಿಲ್ಲ."

ಮೂರು ದಿನ ಕೇಳಿದರು. ಮೂರು ದಿನವೂ ಅದೇ ಉತ್ತರ. ಸರಸ ಕಾಲು ಹಿಡಿದಳು, ಅತ್ತಳು, ಆಮೇಲೆ ಎದ್ದು ನಿಂತು, "ಸತ್ತವಳಿಗೋಸ್ಕರ ಬದುಕಿದ್ದವಳನ್ನು ಕೊಲ್ತೀರಿ ನೀವು" ಎಂದಳು. ಅಮ್ಮಣ್ಣಿ ಗೋಡೆಗೆ ತಿರುಗಿ ಮಲಗಿದಳು. ಅಳು ಬರಲಿಲ್ಲ. ಮಗಳ ಮಾತು ಸುಳ್ಳೆಂದು ಹೇಳಲೂ ಧೈರ್ಯ ಬರಲಿಲ್ಲ.

ನಾಲ್ಕನೆಯ ದಿನ ಅವಳಿಗೆ ಏಳಲಾಗಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ. ಹೊರಳಿದರೆ ಕಿರುಚಬೇಕು, ಕಿರುಚಿದರೆ ಇನ್ನೂ ನೋವು. ಸಂಕಪ್ಪ ಶೆಟ್ಟರು ಬಂದು ತಲೆಯ ಹತ್ತಿರ ಕುಳಿತರು. ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಮಾತಾಡಿದರು. ಆ ದನಿ ಅವರಲ್ಲಿ ಇತ್ತೆಂದು ಅಮ್ಮಣ್ಣಿಗೆ ಗೊತ್ತೇ ಇರಲಿಲ್ಲ.

"ಅಮ್ಮಣ್ಣಿ, ಹೆಸರು ಹೇಳು. ಮದುವೆ ಮುಗಿದ ಮರುದಿನವೇ ಆ ಡಾಕ್ಟ್ರಲ್ಲಿಗೆ ಹೋಗುವ. ವಾರ ವಾರ ಕರ್ಕೊಂಡು ಹೋಗ್ತೇನೆ. ಮಾತ್ರೆ ತರಿಸುವ."

"ಸತ್ಯವಾ ಅಣ್ಣ?"

"ನಿನ್ನ ಮೇಲಾಣೆ."

ಅವಳು ಕಣ್ಣು ಮುಚ್ಚಿದಳು. ನೋವು ಬಿಡುವು ಕೊಟ್ಟಿದ್ದರೆ ಒಂದಿಷ್ಟು ಯೋಚಿಸುತ್ತಿದ್ದಳೋ ಏನೋ. ಕೊಡಲಿಲ್ಲ. ಮೂವತ್ತೆರಡು ವರ್ಷ ನಾಲಿಗೆಯ ಅಡಿಯಲ್ಲಿ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದಳು.

"ಸೀತು" ಎಂದಳು.

ಬದುಕಿದ್ದ ಸರಸಳಿಗೆ ಆರು ವರ್ಷದಲ್ಲಿ ಸಿಗದ ಗಂಡು ಸತ್ತ ಅಕ್ಕನಿಗೆ ಮೂರು ವಾರದಲ್ಲಿ ಸಿಕ್ಕಿತು. ಬೆಳ್ತಂಗಡಿ ಕಡೆಯವರು, ಹುಡುಗ ಏಳನೆಯ ವರ್ಷದಲ್ಲಿ ಜ್ವರ ಬಂದು ಹೋದವನು. ಬಳಿ, ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ, ಬೇರೆ ಬೇರೆ ಇದೆಯೇ ಎಂದು ವಿಚಾರಿಸಿದರು, ಮನೆತನ ವಿಚಾರಿಸಿದರು. ಹುಡುಗನ ತಾಯಿ ದೂಮಕ್ಕ, "ಹುಡುಗಿ ಬಣ್ಣ ಹೇಗೆ?" ಎಂದೂ ಕೇಳಿ ಕಳಿಸಿದರು. ಸಂಕಪ್ಪ ಶೆಟ್ಟರು ಹಿಂದೆ ಮುಂದೆ ನೋಡದೆ, "ಬಿಳಿ" ಎಂದರು. ಅವರು ಆ ಮಗುವಿನ ಮುಖವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಜಡಿಮಳೆಯ ಆಟಿ ತಿಂಗಳ ಒಂದು ಮಂಗಳವಾರ, ದೀಪ ಹಚ್ಚುವ ಹೊತ್ತಿಗೆ ಮದುವೆ. ಚಾವಡಿಯಲ್ಲಿ ಎರಡು ಮಣೆ ಹಾಕಿದರು. ಒಂದರ ಮೇಲೆ ಬಿಳಿ ಪಂಚೆ, ಶಾಲು. ಇನ್ನೊಂದರ ಮೇಲೆ ಕೆಂಪು ಸೀರೆ, ಬಳೆ, ಕನ್ನಡಿ, ಬಾಚಣಿಗೆ, ಒಂದು ಮೊಳ ಮಲ್ಲಿಗೆ. ಮದುಮಗಳ ತಾಯಿ ಕುಳಿತುಕೊಳ್ಳಬಾರದೆಂದರು. ಅಮ್ಮಣ್ಣಿ ನಿಂತಳು. ಕಾಲು ಮರಗಟ್ಟಿತು, ಬೆವರು ಬೆನ್ನಲ್ಲಿ ಇಳಿಯಿತು. ದೂಮಕ್ಕ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೊಂದು ಸ್ವಲ್ಪ ಒಳ್ಳೆಯದು ತರಬಹುದಿತ್ತು" ಎಂದರು. ಸಂಕಪ್ಪ ಶೆಟ್ಟರು ಸೀತುವಿನ ಹೆಸರನ್ನು ಗಟ್ಟಿಯಾಗಿ ಮೂರು ಸಲ ಹೇಳಿ ಧಾರೆ ಎರೆದರು. ಇಷ್ಟು ವರ್ಷ ಪಿಸುಮಾತಾಗಿದ್ದ ಹೆಸರು ಆ ಗಂಡು ದನಿಯಲ್ಲಿ ಚಾವಡಿಯ ತುಂಬ ಕೇಳಿದಾಗ ಅಮ್ಮಣ್ಣಿಗೆ ಮೈಮೇಲಿನ ಬಟ್ಟೆ ಕಿತ್ತ ಹಾಗೆ ನಾಚಿಕೆಯಾಯಿತು.

ಊಟವಾಯಿತು. ಪಾಯಸಕ್ಕೆ ಬೆಲ್ಲ ಹೆಚ್ಚಾಯಿತೆಂದು ಯಾರೋ ಹೇಳಿದರು. ಸೀರೆ, ಬಳೆ, ಹೂವು ಎಲ್ಲ ಒಂದು ಗಂಟಾಯಿತು. ಅದನ್ನು ತಾಯಿಯೇ ಕೈಯಾರೆ ಕೊಡಬೇಕು. ಕೊಡುವಾಗ ಹೆಸರು ಹಿಡಿದು, ಹೋಗು ಎಂದು ಹೇಳಬೇಕು.

ಅಮ್ಮಣ್ಣಿ ಗಂಟನ್ನು ಎದೆಗೆ ಹಿಡಿದು ನಿಂತಳು. ಎಷ್ಟು ಹೊತ್ತಾದರೂ ಬಿಡಲಿಲ್ಲ.

"ಹೇಳು ಮಾರಾಯ್ತಿ, ಅವರಿಗೆ ದೂರ ಹೋಗ್ಲಿಕ್ಕುಂಟು" ಎಂದರು ಸಂಕಪ್ಪ ಶೆಟ್ಟರು.

"ಸೀತು, ಹೋಗು ಮಗಾ" ಎಂದಳು ಅಮ್ಮಣ್ಣಿ. ದೂಮಕ್ಕ ಗಂಟು ತೆಗೆದುಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರಿಗೆ ಮನೆಗೆ ಸೊಸೆ ಬಂದಿದ್ದಳು.

ಮರುದಿನ ಬೆಳಿಗ್ಗೆ ಅಮ್ಮಣ್ಣಿ ಹಾಸಿಗೆಯಲ್ಲೇ ಅಲುಗಾಡದೆ ಮಲಗಿ ಕಾದಳು. ಹುಡುಗಿ ಸೊಂಟ ಹಿಡಿದು ನಿಂತದ್ದು ಹೌದಾದರೆ, ಹುಡುಗಿ ಹೋದ ಮೇಲೆ ನೋವೂ ಹೋಗಿರಬೇಕಲ್ಲ. ಮೆಲ್ಲಗೆ ಹೊರಳಿದಳು. ನೋವು ಅಲ್ಲೇ ಇತ್ತು, ಒಂದು ಕೂದಲಿನಷ್ಟೂ ಕದಲದೆ. ಜಗಲಿಗೆ ಬಂದು ಕುಳಿತು, "ಮಗಾ" ಎಂದಳು. ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು. ಇನ್ನೊಮ್ಮೆ ಕರೆಯಲು ಹೋಗಿ ನಿಲ್ಲಿಸಿದಳು. ಕೇಳುವವರು ಇದ್ದಾರೆ ಎಂಬ ಆ ಅನಿಸಿಕೆ, ಮೂವತ್ತೆರಡು ವರ್ಷ ಅವಳನ್ನು ಬಾವಿಯಿಂದ ದೂರ ಇಟ್ಟಿದ್ದ ಅನಿಸಿಕೆ, ಹೋಗಿತ್ತು. ಅವಳೇ ಹೋಗು ಎಂದು ಕಳಿಸಿದ್ದಳು.

"ಅಣ್ಣ, ಡಾಕ್ಟ್ರಲ್ಲಿಗೆ?" ಎಂದು ಕೇಳಿದಳು.

"ಒಂದು ವಾರ ನೋಡುವ" ಎಂದರು ಸಂಕಪ್ಪ ಶೆಟ್ಟರು.

ಒಂದು ವಾರ ಎಂಬುದು ಆಟಿ ಕಳೆದು, ಮುಂದಿನ ಸೋಣ ತಿಂಗಳನ್ನೂ ದಾಟಿತು. ಅಷ್ಟರಲ್ಲಿ ಕಲ್ಲಡ್ಕದಿಂದ ಸರಸಳಿಗೆ ಸಂಬಂಧ ಬಂತು. ಒಳ್ಳೆಯ ಮನೆ, ಹುಡುಗ ಬಿ.ಸಿ.ರೋಡಿನಲ್ಲಿ ಹೋಟೆಲು ಇಟ್ಟವನು. ಹುಡುಗನ ತಾಯಿಯ ಕಣ್ಣು ಬಹಳ ಚುರುಕು. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು: "ಮನೆಯಲ್ಲಿ ಒಂದು ಕುಲೆಯ ಉಪದ್ರ ಇತ್ತಂತೆ. ಸರಿ ಆಯ್ತಾ?"

"ಪೂರ್ತಿ ಸರಿ ಆಯ್ತು. ತಂಗಿಯ ಸೊಂಟ ಮೂವತ್ತೆರಡು ವರ್ಷದ್ದು, ಮದುವೆಯ ಮರುದಿನವೇ ಗುಣ" ಎಂದರು ಸಂಕಪ್ಪ ಶೆಟ್ಟರು.

ಅವರು ಹೋದ ಮೇಲೆ ಅಮ್ಮಣ್ಣಿಯನ್ನು ಒಳಗೆ ಕರೆದು ಬಾಗಿಲು ಹಾಕಿದರು. ಮೆತ್ತಗಿನ ದನಿ ಎಲ್ಲೋ ಹೋಗಿತ್ತು. "ಕೇಳು. ಇನ್ನು ನಿನಗೆ ನೋವು ಇಲ್ಲ. ಉಂಟು ಅಂತ ಒಂದು ಮಾತು ಹೊರಗೆ ಬಂದರೆ ಕುಲೆ ಹೋಗಲಿಲ್ಲ ಅಂತ ಆಗ್ತದೆ. ಸರಸಳನ್ನು ಅವರು ಬಿಟ್ಟುಬಿಡ್ತಾರೆ. ಡಾಕ್ಟ್ರ ಹೆಸರೇ ಎತ್ತಬೇಡ."

"ಆಣೆ ಇಟ್ಟಿದ್ದೆಯಲ್ಲ ಅಣ್ಣ."

"ನಿನ್ನ ಮಗಳಿಗೋಸ್ಕರ ಹೇಳ್ತಾ ಇದ್ದೇನೆ ನಾನು" ಎಂದು ಅವರು ಬಾಗಿಲು ತೆರೆದುಕೊಂಡು ಹೋದರು.

ಅಂದಿನಿಂದ ಅಮ್ಮಣ್ಣಿ ನರಳುವುದನ್ನು ನಿಲ್ಲಿಸಿದಳು. ಏಳುವಾಗ ಗೋಡೆ ಹಿಡಿಯುವುದನ್ನು, ಕೂರುವಾಗ ಅಯ್ಯೋ ಎನ್ನುವುದನ್ನು, ರಾತ್ರಿ ಬಿಸಿನೀರಿನ ಬಟ್ಟೆ ಕಟ್ಟಿಕೊಳ್ಳುವುದನ್ನು ಕೂಡ. ಮಾತು ಕಡಿಮೆ ಮಾಡಿದಳು, ಆಮೇಲೆ ಕೇಳಿದ್ದಕ್ಕಷ್ಟೇ ಉತ್ತರ. ನೋಡಿದವರು ಕುಲೆ ಮದುವೆಯ ಮಹಿಮೆ ಎಂದರು. ಎಷ್ಟೋ ಮನೆಯವರು ಸಂಕಪ್ಪ ಶೆಟ್ಟರಲ್ಲಿ ಆ ಜೋಯಿಸರ ವಿಳಾಸ ಕೇಳಿಕೊಂಡು ಹೋದರು. ಮಾಘದಲ್ಲಿ ಸರಸಳ ಮದುವೆಯಾಯಿತು. ಮದುಮಗಳ ತಾಯಿ ಆ ದಿನವೂ ನಿಂತೇ ಇದ್ದಳು, ನೆಟ್ಟಗೆ.

ಮರುವರ್ಷ ದೀಪಾವಳಿ ಕಳೆದ ಮೇಲೆ ಸರಸ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬಿಟ್ಟುಹೋಗಲು ಅತ್ತೆಯೂ ಬಂದಿದ್ದರು. ಬಸುರಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸುವ ಎಂದು ಅತ್ತೆಯೇ ಹಟ ಹಿಡಿದರು. ಮೂಡುಬಿದಿರೆಯ ರಮಾನಾಥ ಡಾಕ್ಟರಲ್ಲದೆ ಹತ್ತಿರದಲ್ಲಿ ಬೇರೆ ಯಾರು? ಮೂವರು ಹೆಂಗಸರೂ ಬಸ್ಸು ಹತ್ತಿದರು. ರಸ್ತೆಯ ಪ್ರತಿ ಹೊಂಡಕ್ಕೂ ಅಮ್ಮಣ್ಣಿ ಹಲ್ಲು ಕಚ್ಚಿದಳು, ಮುಖ ಕಿಟಕಿಯ ಕಡೆಗಿತ್ತು.

ಡಾಕ್ಟರು ಸರಸಳನ್ನು ನೋಡಿ, ಎಲ್ಲ ಸರಿಯುಂಟು ಎಂದು ಹೇಳಿ, ಕೈ ತೊಳೆದು ಬಂದರು. ಬೆಂಚಿನಲ್ಲಿ ಕುಳಿತಿದ್ದ ಅಮ್ಮಣ್ಣಿಯ ಮೇಲೆ ಕಣ್ಣು ಬಿತ್ತು. ಅವರು ಮರೆತಿರಲಿಲ್ಲ.

"ಓ, ನೀವಾ ಅಮ್ಮ? ಆಮೇಲೆ ಬರ್ಲೇ ಇಲ್ಲ ನೀವು. ನಾನು ಮಾತ್ರೆ ತರಿಸಿ ಇಟ್ಟಿದ್ದೆ." ಸ್ಟೂಲು ಎಳೆದು ಎದುರಿಗೆ ಕುಳಿತರು. "ಹೇಗುಂಟು ಈಗ? ನಿದ್ರೆ ಬರ್ತದಾ?"

ಸರಸ ತಾಯಿಯ ಮುಖವನ್ನೇ ನೋಡಿದಳು. ಅವಳ ಕೈ ಹೊಟ್ಟೆಯ ಮೇಲಿತ್ತು. ಪಕ್ಕದಲ್ಲಿ ಕುಳಿತ ಅತ್ತೆ ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು.

ಅಮ್ಮಣ್ಣಿಯ ತುಟಿ ಆವತ್ತಿನ ಹಾಗೆಯೇ ಒಮ್ಮೆ ನಡುಗಿತು. ಈ ಒಬ್ಬ ಮನುಷ್ಯನ ಎದುರು ಕೂರಬೇಕೆಂದು ತಾನೇ ಅವಳು ಸೀತುವಿನ ಹೆಸರನ್ನು ಬಿಟ್ಟುಕೊಟ್ಟದ್ದು. ಈಗ ಅವನು ಎದುರಿಗೇ ಇದ್ದ, ಕೇಳುತ್ತಲೂ ಇದ್ದ.

"ನನಗೆಂತ ಆಗಿದೆ ಡಾಕ್ಟ್ರೇ?" ಎಂದಳು. "ಎಲ್ಲ ಗುಣ ಆಗಿದೆ."

ಹೇಳಿದ್ದು ಸಾಲದೆಂದು ಅತ್ತೆಯ ಮುಖದಲ್ಲಿ ಕಂಡಿತು. ಅಮ್ಮಣ್ಣಿ ಬೆಂಚನ್ನಾಗಲಿ ಗೋಡೆಯನ್ನಾಗಲಿ ಹಿಡಿಯದೆ, ಎರಡೂ ಕೈ ಇಳಿಬಿಟ್ಟು, ಒಂದೇ ಸಲಕ್ಕೆ ಎದ್ದು ನಿಂತಳು. ಅತ್ತೆ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚಿದರು.

"ಒಳ್ಳೆಯದಾಯ್ತು ಅಮ್ಮ" ಎಂದು ಡಾಕ್ಟರು ನಕ್ಕು, ಮುಂದಿನವರನ್ನು ಒಳಗೆ ಕರೆದರು.